ತಪ್ಪು ಉತ್ತರದ ಏರ್ಪಾಟು

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನನಗೆ ಹೇಳಲು ಬರುವುದಿಲ್ಲ. ನಾನು ಗಣಿತದ ಮೇಷ್ಟ್ರು. ಬರವಣಿಗೆ ಅಂದರೆ ನನಗೆ ಗೊತ್ತಿರುವುದು ದತ್ತ, ಸಾಧನೀಯ, ಸಾಧನೆ, ಇಷ್ಟೇ. ನಗು ಬರಬೇಕಾದ ಜಾಗಕ್ಕೆ ಮುಂಚೆಯೇ ಅದು ಯಾಕೆ ಬರುತ್ತದೆ ಅಂತ ವಿವರಿಸಿಬಿಡುವ ಚಾಳಿಯೂ ಇದೆ. ಸ್ಟಾಫ್ ರೂಮಿನಲ್ಲಿ ನನ್ನ ಕ್ಲಾಸಿನ ಈ ಪ್ರಸಂಗಗಳನ್ನು ಹೇಳಿದಾಗ ಎಲ್ಲರೂ ನಕ್ಕು, ಬರೆದಿಡಿ ಮೇಷ್ಟ್ರೇ ಅಂದರು. ಆದರೆ ಆವತ್ತು ನಾನು ಶುರುಮಾಡಿದ್ದನ್ನೆಲ್ಲ ಮುಗಿಸಿದ್ದು ನಮ್ಮ ವಿಜ್ಞಾನದ ಮೇಡಂ. ಬರೆಯುವಾಗ ಅವರು ಪಕ್ಕದಲ್ಲಿ ಇಲ್ಲ.

ಗಣಿತದ ಕ್ಲಾಸಿನಲ್ಲಿ ಇಂಥವು ನಡೆಯುತ್ತಲೇ ಇರುತ್ತವೆ. ಮೇಷ್ಟ್ರ ತಲೆಯಲ್ಲಿ ಒಂದು ಉತ್ತರ, ಮಕ್ಕಳ ತಲೆಯಲ್ಲಿ ಐವತ್ತೆರಡು. ಐವತ್ತೆರಡು ಅಂದರೆ ನಮ್ಮ ಎಂಟನೇ ತರಗತಿಯ ಹಾಜರಿ. ಅದನ್ನೂ ವಿವರಿಸಬೇಕಿರಲಿಲ್ಲವೇನೋ.

ದತ್ತ

ನಮ್ಮದು ಪೀಣ್ಯದಿಂದ ನಾಗಸಂದ್ರಕ್ಕೆ ಹೋಗುವ ದಾರಿಯಲ್ಲಿರುವ ಕನ್ನಡ ಮಾಧ್ಯಮದ ಹೈಸ್ಕೂಲು. ಪಕ್ಕದಲ್ಲೇ ಒಂದು ಸಣ್ಣ ಕಾರ್ಖಾನೆ, ಅದರಲ್ಲಿ ಒಂದು ಪ್ರೆಸ್. ಪ್ರೆಸ್ ಅಂದರೆ ಪತ್ರಿಕೆ ಅಚ್ಚು ಹಾಕುವುದಲ್ಲ, ತಗಡನ್ನು ಒತ್ತಿ ವಾಷರು ಕತ್ತರಿಸುವ ಯಂತ್ರ. ಎರಡು ಸೆಕೆಂಡಿಗೊಮ್ಮೆ ಧಡ್ ಅನ್ನುತ್ತದೆ. ಆ ಎರಡು ಧಡ್‌ಗಳ ಸಂದಿಯಲ್ಲಿ ನಾವು ಪಾಠ ಮಾಡಬೇಕು. ಕರೆಂಟು ಹೋದರೆ ಪ್ರೆಸ್ ನಿಲ್ಲುತ್ತದೆ, ಪಾಠ ಸ್ಪಷ್ಟವಾಗಿ ಕೇಳುತ್ತದೆ. ಆದರೆ ರೂಮಿಗೆ ಇರುವುದು ಒಂದೇ ಕಿಟಕಿ, ಬೋರ್ಡು ಕಾಣುವುದಿಲ್ಲ. ಹಾಗಾಗಿ ನಮ್ಮ ಮಕ್ಕಳು ಕರೆಂಟು ಇದ್ದಾಗ ನೋಡಿ ಕಲಿಯುತ್ತಾರೆ, ಇಲ್ಲದಾಗ ಕೇಳಿ ಕಲಿಯುತ್ತಾರೆ.

ನಾನು ದಾವಣಗೆರೆ ಕಡೆಯವನು. ಎರಡೂವರೆ ವರ್ಷದ ಹಿಂದೆ ಜೂನ್‌ನಲ್ಲಿ ಇಲ್ಲಿಗೆ ಸೇರಿದೆ. ಮೊದಲ ವರ್ಷ ಕೆಲಸ ತಾತ್ಕಾಲಿಕ. ವರ್ಷದ ಕೊನೆಗೆ ಇಲಾಖೆಯ ಪರಿವೀಕ್ಷಕರು ಬಂದು ನನ್ನ ಒಂದು ಪಾಠ ನೋಡುತ್ತಾರೆ, ಚೆನ್ನಾಗಿದೆ ಅಂತ ಬರೆದರೆ ಕಾಯಂ, ಇಲ್ಲದಿದ್ದರೆ ಊರಿನ ಬಸ್ಸು. ಊರಿನಲ್ಲಿ ನನಗೆ ಒಂದು ಹುಡುಗಿಯನ್ನು ನೋಡಿದ್ದರು. ಹುಡುಗಿಗೆ ಒಪ್ಪಿಗೆ, ಜಾತಕಕ್ಕೂ ಒಪ್ಪಿಗೆ. ಅವರ ತಂದೆ ಮಾತ್ರ, ಕಾಯಂ ಆಗಲಿ ನೋಡೋಣ ಅಂದಿದ್ದರು. ಪ್ರತಿ ಭಾನುವಾರ ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿದರೆ ಅಮ್ಮ ಊಟ ಆಯ್ತಾ ಅಂತ ಕೇಳುತ್ತಿರಲಿಲ್ಲ, ಕಾಯಂ ಆಯ್ತಾ ಅಂತ ಕೇಳುತ್ತಿದ್ದಳು.

ನಮ್ಮ ಹೆಡ್‌ಮಾಸ್ಟರು ಸಮಾಜ ವಿಜ್ಞಾನದವರು, ಒಳ್ಳೆಯವರು, ಗಣಿತ ಅಂದರೆ ಸ್ವಲ್ಪ ಹೆದರುವವರು. ದಿನಾ ಬೆಳಿಗ್ಗೆ ನಾನು ನಮಸ್ಕಾರ ಅಂದರೆ ಅವರು ತಿರುಗಿ ನಮಸ್ಕಾರ ಹೇಳುತ್ತಿರಲಿಲ್ಲ. "ಕಾಯಂ ಆಗೋವರೆಗೂ ಹುಷಾರು ಮೇಷ್ಟ್ರೇ" ಅನ್ನುತ್ತಿದ್ದರು. ದತ್ತ ಇಷ್ಟು.

ಹೇಗೆ ಮಾಡಿದೆ?

ಆ ದಸರಾ ರಜೆಯಲ್ಲಿ ಗಣಿತದ ಮೇಷ್ಟ್ರುಗಳಿಗೆಲ್ಲ ಒಂದು ವಾರ ತರಬೇತಿ. ಕಲಿಸಲು ಬಂದ ಮೇಡಂ ಮೊದಲ ದಿನವೇ ಹೇಳಿದರು: ಮಗು ತಪ್ಪು ಉತ್ತರ ಹೇಳಿದರೆ ತಪ್ಪು ಅನ್ನಬೇಡಿ. ಹೇಗೆ ಮಾಡಿದೆ ಅಂತ ಕೇಳಿ. ಅದು ಏನೋ ಯೋಚನೆ ಮಾಡಿಯೇ ಮಾಡಿರುತ್ತದೆ, ಆ ಯೋಚನೆಯ ಮೇಲೆ ನಿಮ್ಮ ಪಾಠ ಕಟ್ಟಿ.

ನನಗೆ ಈ ಮಾತು ಬಹಳ ಹಿಡಿಸಿತು. ಮರೆಯಬಾರದು ಅಂತ ರಜೆ ಮುಗಿದ ಮೊದಲ ದಿನ ಅಂಗೈ ಮೇಲೆ ಪೆನ್ನಿನಲ್ಲಿ "ಹೇಗೆ ಮಾಡಿದೆ?" ಅಂತ ಬರೆದುಕೊಂಡು ಹೋದೆ. ಆ ವಾರವೆಲ್ಲ ಯಾರು ತಪ್ಪು ಮಾಡಿದರೂ ಬೈಯಲಿಲ್ಲ, ನಗುನಗುತ್ತಾ ಹೇಗೆ ಮಾಡಿದೆ ಅಂತ ಕೇಳಿದೆ.

ಎರಡನೇ ವಾರ ಒಬ್ಬ ಹುಡುಗ ಬೋರ್ಡಿನ ಮೇಲೆ ಒಂದು ಲೆಕ್ಕ ಬಹಳ ಚೆಂದವಾಗಿ ಮಾಡಿದ. ಉತ್ತರ ಸರಿ. ದಾರಿಯೂ ಹೊಸದು, ನಾನು ಹೇಳಿಕೊಟ್ಟಿದ್ದಲ್ಲ. ಖುಷಿಯಾಗಿ ಕೇಳಿದೆ, "ಹೇಗೆ ಮಾಡಿದೆ?"

ಹುಡುಗನ ಮುಖ ಬಿಳಿಚಿತು. ಡಸ್ಟರು ಹುಡುಕುವಷ್ಟೂ ತಾಳ್ಮೆ ಇಲ್ಲದೆ ಅಂಗಿಯ ತೋಳಿನಲ್ಲೇ ಉತ್ತರ ಒರೆಸಿಬಿಟ್ಟ. ತಿರುಗಿ ನೋಡಿದರೆ ಇಡೀ ಕ್ಲಾಸು ತಂತಮ್ಮ ಪುಸ್ತಕದಲ್ಲಿ ಸರಿ ಉತ್ತರವನ್ನು ರಬ್ಬರು ಹಾಕಿ ಉಜ್ಜುತ್ತಿತ್ತು.

ಕಾರಣ ಏನೆಂದರೆ, ಓದುವವರಿಗೆ ಈಗಾಗಲೇ ಗೊತ್ತಾಗಿರುತ್ತದೆ, ಆದರೂ ಹೇಳುತ್ತೇನೆ, ನಾನು ತಪ್ಪು ಮಾಡಿದವರನ್ನು ಮಾತ್ರ ಹಾಗೆ ಕೇಳುತ್ತಿದ್ದೆ. ಹಾಗಾಗಿ "ಹೇಗೆ ಮಾಡಿದೆ" ಅಂದರೆ "ತಪ್ಪು" ಅಂತ ಮಕ್ಕಳು ಅರ್ಥ ಮಾಡಿಕೊಂಡಿದ್ದರು. ಬೈಯುವ ಬದಲು ಮೇಷ್ಟ್ರು ದಸರಾದಲ್ಲಿ ಮರ್ಯಾದೆಯ ಬೈಗುಳ ಒಂದನ್ನು ಕಲಿತು ಬಂದಿದ್ದಾರೆ ಅಂತ.

ಆಮೇಲೆ ಸರಿ ಮಾಡಿದವರನ್ನೂ ಕೇಳತೊಡಗಿದೆ. ಆದರೆ ಅಷ್ಟರಲ್ಲಿ ಮಾತು ನನ್ನ ಕೈಮೀರಿತ್ತು. ಶನಿವಾರ ಮೈದಾನದಲ್ಲಿ ಕ್ರಿಕೆಟ್ ಆಡುತ್ತಿದ್ದರು. ಒಬ್ಬನ ಮಧ್ಯದ ವಿಕೆಟ್ ಬುಡಸಮೇತ ಹಾರಿಹೋಯಿತು. ಅಂಪೈರ್ ಆಗಿದ್ದವನು ಬೆರಳೆತ್ತಿದ. ಬ್ಯಾಟು ಹಿಡಿದವನು ಜಗಳ ಆಡಲಿಲ್ಲ. ನನ್ನ ಹಾಗೇ ತಲೆ ಒಂದು ಕಡೆ ವಾಲಿಸಿ, ಮೃದುವಾಗಿ "ಹೇಗೆ ಮಾಡಿದೆ?" ಅಂದ.

ಅಂಪೈರ್ ಹೆದರಿ ನಾಟೌಟ್ ಕೊಟ್ಟುಬಿಟ್ಟ.

ಸ್ಪ್ಯಾನರ್

ಈಗ ಎರಡನೇ ಬೆಂಚಿನ ಹುಡುಗಿಯ ಬಗ್ಗೆ ಹೇಳಬೇಕು, ಯಾಕೆಂದರೆ ಮುಂದಿನದೆಲ್ಲ ಅವಳದೇ. ಅವಳ ತಂದೆ ಪೀಣ್ಯದಲ್ಲಿ ಬೋಲ್ಟು ಮಾಡುವ ಕಾರ್ಖಾನೆಯಲ್ಲಿ ಚೆಕಿಂಗ್ ಕೆಲಸದಲ್ಲಿದ್ದರು. ಚೆಕಿಂಗ್ ಅಂದರೆ ತಯಾರಾದ ಬೋಲ್ಟು ಅಳತೆ ಮಾಡಿ, ಸರಿ ಇದ್ದದ್ದು ಒಂದು ಕಡೆ, ಕೆಟ್ಟದ್ದು ಒಂದು ಕಡೆ ಹಾಕುವುದು. ಮಗಳೂ ಮಾತನ್ನು ಹಾಗೇ ಅಳೆದು ಹಾಕುತ್ತಿದ್ದಳು.

ಒಂದು ದಿನ ಭಿನ್ನರಾಶಿ ಪುನರಾವರ್ತನೆ. ಎಂಟನೇ ಮೂರು, ಅಂದರೆ ಮೂರು ಬೈ ಎಂಟು, ದೊಡ್ಡದೋ, ಐದು ಬೈ ಹದಿನಾರು ದೊಡ್ಡದೋ ಅಂತ ಬೋರ್ಡಿನ ಮೇಲೆ ಬರೆದೆ. ಲಸಾಅ ತೆಗೆಯೋಣ ಅಂತ ನಾನು ಸೀಮೆಸುಣ್ಣ ಎತ್ತುವಷ್ಟರಲ್ಲಿ ಅವಳು, ಮೂರು ಬೈ ಎಂಟು ಸಾರ್ ಅಂದಳು. ಅಂಗೈ ನೆನಪಾಯಿತು. ಹೇಗೆ ಮಾಡಿದೆ ಅಂತ ಕೇಳಿದೆ.

"ಮಾಡ್ಲಿಲ್ಲ ಸಾರ್. ನಮ್ಮಪ್ಪನ ಸ್ಪ್ಯಾನರ್ ಸೆಟ್ಟಲ್ಲಿ ಐದು ಬೈ ಹದಿನಾರು ಆದ್ಮೇಲೆ ಮೂರು ಬೈ ಎಂಟು ಬರುತ್ತೆ. ಆಮೇಲೆ ಏಳು ಬೈ ಹದಿನಾರು, ಆಮೇಲೆ ಅರ್ಧ."

ನಾನು ಬೆರಗಾದೆ. ಸ್ಪ್ಯಾನರ್‌ಗಳ ಮೇಲೆ ಅಳತೆಯನ್ನು ಹೀಗೆ ಇಂಚಿನ ಭಾಗಗಳಲ್ಲಿ ಕೆತ್ತಿರುತ್ತಾರೆ. ಬಿ.ಎಡ್. ಮುಗಿಸಿ ಬಂದ ನನಗೆ ಈ ಕ್ರಮ ಹೇಳಲು ಬೋರ್ಡು ಬೇಕು, ಅವಳಿಗೆ ಬೇಡ. ತರಬೇತಿಯ ಮೇಡಂ ಹೇಳಿದ್ದು ಇದನ್ನೇ ಅಂತ ಮೈ ಜುಮ್ಮೆಂದಿತು. ಇದರ ಮೇಲೆ ಪಾಠ ಕಟ್ಟಿಯೇ ಬಿಡುತ್ತೇನೆ ಅಂತ, ಹಾಗಾದರೆ ಮೂರು ಬೈ ಎಂಟು ದೊಡ್ಡದೋ ಎರಡು ಬೈ ಐದು ದೊಡ್ಡದೋ ಅಂತ ಕೇಳಿದೆ. ಅವಳು ತುಂಬ ಹೊತ್ತು ಯೋಚಿಸಿದಳು. ಪ್ರೆಸ್ ನಾಲ್ಕು ಸಲ ಧಡ್ ಅಂದಿತು.

"ಎರಡು ಬೈ ಐದು ಅಂತ ಸ್ಪ್ಯಾನರ್ ಬರಲ್ಲ ಸಾರ್" ಅಂದಳು.

ಮರುದಿನ ಅವಳು ಹಳೇ ಟವೆಲಿನಲ್ಲಿ ಸುತ್ತಿ ಇಡೀ ಸೆಟ್ಟನ್ನೇ ತಂದಳು. ಅಪ್ಪ ಸಾಯಂಕಾಲದೊಳಗೆ ವಾಪಸ್ ಬೇಕು ಅಂದಿದ್ದಾರಂತೆ. ಮೇಜಿನ ಮೇಲೆ ಸಾಲಾಗಿ ಇಟ್ಟೆವು. ಸೆಟ್ಟಿನಲ್ಲಿ ಇಲ್ಲದ ಆ ಎರಡು ಬೈ ಐದರ ಸ್ಪ್ಯಾನರ್ ಯಾವ ಎರಡರ ನಡುವೆ ಕೂರಬೇಕು ಅಂತ ಹುಡುಕತೊಡಗಿದೆವು. ಐವತ್ತೆರಡು ಮಕ್ಕಳೂ ಮೇಜಿನ ಸುತ್ತ. ಲಸಾಅ ಬೇಕು ಅಂತ ಅವರೇ ಕೇಳಿ ತೆಗೆಸಿಕೊಂಡರು. ನನ್ನ ಜೀವನದಲ್ಲಿ ಯಾರಾದರೂ ಲಸಾಅ ಬೇಕು ಅಂತ ಕೇಳಿದ್ದು ಅದೇ ಮೊದಲು. ನನ್ನ ಎರಡೂ ಕೈ ಗ್ರೀಸು.

ಬಾಗಿಲಲ್ಲಿ ಹೆಡ್‌ಮಾಸ್ಟರು ಬಂದು ನಿಂತಿದ್ದರು. ಸ್ಪ್ಯಾನರ್‌ಗಳನ್ನು ನೋಡಿದರು, ನನ್ನ ಕೈ ನೋಡಿದರು.

"ಏನ್ ಮೇಷ್ಟ್ರೇ" ಅಂದರು, "ಕಾಯಂ ಆಗಲ್ಲ ಅಂತ ಬೇರೆ ಕೆಲಸ ಕಲೀತಾ ಇದೀರಾ?"

ಎರಡು ಟ್ರೇ

ಅದೇ ವಾರ ಕೂಡಿಸುವುದು ಶುರುವಾಯಿತು. ಅರ್ಧಕ್ಕೆ ಮೂರನೇ ಒಂದು ಕೂಡಿಸಿ ಅಂದೆ. ಆರನೇ ಐದು ಬರಬೇಕು. ಎರಡನೇ ಬೆಂಚಿನಿಂದ ಐದನೇ ಎರಡು ಅಂತ ಬಂತು.

ಇದು ಎಲ್ಲ ಕಡೆ ಮಕ್ಕಳು ಮಾಡುವ ತಪ್ಪು. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿಬಿಡುತ್ತಾರೆ. ಹೇಗೆ ಮಾಡಿದೆ ಅಂದೆ. ಅವಳು ಎದ್ದು ನಿಂತು ಶಾಂತವಾಗಿ ವಿವರಿಸಿದಳು. ಅಪ್ಪ ಒಂದು ಟ್ರೇಯಿಂದ ಎರಡು ಬೋಲ್ಟು ತೆಗೆದು ಅಳೆದರು, ಒಂದು ರಿಜೆಕ್ಟ್. ಅಂದರೆ ಅರ್ಧ. ಇನ್ನೊಂದು ಟ್ರೇಯಿಂದ ಮೂರು ತೆಗೆದರು, ಒಂದು ರಿಜೆಕ್ಟ್. ಅಂದರೆ ಮೂರನೇ ಒಂದು. ಎರಡೂ ಸೇರಿ ಐದು ಬೋಲ್ಟಿನಲ್ಲಿ ಎರಡು ರಿಜೆಕ್ಟ್. ಅಪ್ಪ ಕಾರ್ಡಿನಲ್ಲಿ ಹಾಗೇ ಬರೆಯುತ್ತಾರೆ.

ನಾನು ಜಾಣತನ ತೋರಿಸಿದೆ. "ಅರ್ಧಕ್ಕೆ ಇನ್ನೊಂದಿಷ್ಟು ಸೇರಿಸಿದರೆ ಅರ್ಧಕ್ಕಿಂತ ಕಡಿಮೆ ಆಗುತ್ತೇನಮ್ಮ?"

"ಎರಡನೇ ಟ್ರೇ ಚೆನ್ನಾಗಿತ್ತಲ್ಲ ಸಾರ್" ಅಂದಳು.

ಅವಳ ಉತ್ತರ ತಪ್ಪು ಅಂತ ಗೊತ್ತು, ಅವಳು ಹೇಳಿದ್ದರಲ್ಲಿ ತಪ್ಪು ಎಲ್ಲಿದೆ ಅಂತ ಗೊತ್ತಿಲ್ಲ. ರೊಟ್ಟಿಯ ಚಿತ್ರ ಬರೆದೆ. ಅರ್ಧ ರೊಟ್ಟಿ, ಕಾಲು ರೊಟ್ಟಿ ಅಂತಲೇ ನಾನು ಭಿನ್ನರಾಶಿ ಕಲಿತವನು. ಹಿಂದಿನ ಬೆಂಚಿನವನೊಬ್ಬ, ನಮ್ಮನೇಲಿ ಮುದ್ದೆ ಸಾರ್, ಅರ್ಧ ಹಾಕಲ್ಲ ಅಂದ. ಕೊನೆಗೆ ಗಂಟೆ ಹೊಡೆಯುವ ಹೊತ್ತಿಗೆ ನಾನು ಸೋತು ಹೇಳಿದೆ: ನೋಡಮ್ಮ, ಟ್ರೇ ಕಾರ್ಖಾನೆಯಲ್ಲಿ ಇರಲಿ. ಕ್ಲಾಸಿಗೆ ತರಬೇಡ. ಇಲ್ಲಿ ಲಸಾಅ. ಅವಳು ತಲೆಯಾಡಿಸಿ ಕೂತಳು. ಒಪ್ಪಿದ್ದಲ್ಲ, ಪಕ್ಕಕ್ಕೆ ತೆಗೆದಿಟ್ಟಿದ್ದು.

ಸ್ಟಾಫ್ ರೂಮಿನಲ್ಲಿ ಇದನ್ನು ಹೆಡ್‌ಮಾಸ್ಟರಿಗೆ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲೆ ಇಟ್ಟರು.

"ಒಂದು ಟೆಸ್ಟಲ್ಲಿ ಎರಡಕ್ಕೆ ಒಂದು ಮಾರ್ಕು, ಇನ್ನೊಂದರಲ್ಲಿ ಮೂರಕ್ಕೆ ಒಂದು. ಒಟ್ಟು ಐದಕ್ಕೆ ಎರಡು ಅಂತಾನೇ ನಾವು ಬರೆಯೋದು. ಅದು ತಪ್ಪಾ?"

ಭಿನ್ನರಾಶಿ ಕೂಡಿಸುವ ರೀತಿ ಅದಲ್ಲ ಸಾರ್ ಅಂದೆ. ಅವರು ಎದ್ದು ಹೋಗಿ ಬಾಗಿಲು ಮುಂದಕ್ಕೆ ಹಾಕಿ ಬಂದರು.

"ಇಪ್ಪತ್ತು ವರ್ಷದ ಪ್ರೋಗ್ರೆಸ್ ಕಾರ್ಡಿಗೆ ನಾನು ಸಹಿ ಹಾಕಿದೀನಿ ಮೇಷ್ಟ್ರೇ. ಈ ವಿಷಯ ನಮ್ಮಿಬ್ಬರಲ್ಲೇ ಇರಲಿ."

ಏರ್ಪಾಟು

ಫೆಬ್ರುವರಿಯಲ್ಲಿ ಪರಿವೀಕ್ಷಕರು ಬರುವ ದಿನ ಗೊತ್ತಾಯಿತು. ಅದರ ಜೊತೆಗೇ ಒಂದು ಸುದ್ದಿ: ಅವರೂ ಆ ದಸರಾ ತರಬೇತಿಯ ವಿಷಯ ಓದಿಕೊಂಡಿದ್ದಾರೆ, ಮಗುವಿನ ತಪ್ಪನ್ನು ಹಿಡಿದು ಮೇಷ್ಟ್ರು ಪಾಠ ಹೇಗೆ ಬೆಳೆಸುತ್ತಾರೆ ಅನ್ನುವುದನ್ನೇ ನೋಡುತ್ತಾರೆ.

ಇಲ್ಲೊಂದು ತೊಡಕಿದೆ. ಹಿಂದೆಲ್ಲ ತಪಾಸಣೆ ಅಂದರೆ ಮಕ್ಕಳಿಗೆ ಸರಿ ಉತ್ತರ ಬಾಯಿಪಾಠ ಮಾಡಿಸಿದರೆ ಆಗುತ್ತಿತ್ತು. ಈಗ ಮಗು ತಪ್ಪು ಮಾಡಿದರೆ ಮಾತ್ರ ನನ್ನ ಕೌಶಲ ಕಾಣುತ್ತದೆ. ಆ ದಿನ ಯಾರೂ ತಪ್ಪು ಮಾಡದಿದ್ದರೆ? ಇನ್ನೂ ಕೆಟ್ಟದ್ದು, ನನಗೆ ಗೊತ್ತಿಲ್ಲದ ತಪ್ಪು ಮಾಡಿಬಿಟ್ಟರೆ? ಮೂರು ದಿನ ನಿದ್ದೆ ಬರಲಿಲ್ಲ. ಹೆಡ್‌ಮಾಸ್ಟರು ಪರಿಹಾರ ಹೇಳಿದರು.

"ಒಂದು ತಪ್ಪನ್ನ ಏರ್ಪಾಟು ಮಾಡ್ಕೊಂಡ್ಬಿಡಿ."

ನನಗೆ ಚೆನ್ನಾಗಿ ಗೊತ್ತಿದ್ದ ತಪ್ಪು ಒಂದೇ, ಐದನೇ ಎರಡು. ಅದನ್ನು ಮಾಡಿದವಳನ್ನೇ ಕರೆದೆ. ಈಗ ಅವಳಿಗೆ ಸರಿ ಉತ್ತರ ಬರುತ್ತಿತ್ತು. ನಾನು ಅರ್ಧಕ್ಕೆ ಮೂರನೇ ಒಂದು ಕೂಡಿಸು ಅಂತೀನಿ, ನೀನು ಐದನೇ ಎರಡು ಅನ್ನು, ಆಮೇಲೆ ನಾನು ಪ್ರಶ್ನೆ ಕೇಳ್ತಾ ಹೋಗ್ತೀನಿ, ನಿನಗೆ ನಿಧಾನವಾಗಿ ತಿಳಿಯೋ ಹಾಗೆ ತಿಳಿಯಲಿ ಅಂತ ಹೇಳಿಕೊಟ್ಟೆ. ನಾಲ್ಕು ದಿನ ಇಡೀ ಕ್ಲಾಸಿನ ಮುಂದೆ ಅಭ್ಯಾಸ ಮಾಡಿಸಿದೆ. ಅವಳು ಎಷ್ಟು ಚೆನ್ನಾಗಿ ತಪ್ಪು ಮಾಡುತ್ತಿದ್ದಳೆಂದರೆ ನನಗೇ ಒಮ್ಮೆ ಅನುಮಾನ ಬಂತು.

ಐದನೇ ದಿನ ಅವಳ ತಂದೆ ಸೈಕಲ್ ಹೊಡೆದುಕೊಂಡು ಶಾಲೆಗೆ ಬಂದರು, ಡ್ಯೂಟಿಯ ನೀಲಿ ಅಂಗಿಯಲ್ಲೇ. ಸ್ಪ್ಯಾನರ್ ಸೆಟ್ಟಿಗೆ ನಾನು ಥ್ಯಾಂಕ್ಸ್ ಹೇಳಿದೆ. ಅವರು ಅದಕ್ಕೆ ಬಂದಿರಲಿಲ್ಲ.

"ಸಾರ್, ಆಫೀಸರ್ ಮುಂದೆ ತಪ್ಪು ಏಳು ಅಂತ ಮಗೀಗೆ ಏಳ್ಕೊಟ್ಟಿದೀರಂತೆ?"

ಹೌದು, ಅದು ಹೊಸ ಪದ್ಧತಿ ಅಂದೆ. ಪದ್ಧತಿಯನ್ನು ಅರ್ಧ ಗಂಟೆ ವಿವರಿಸಿದೆ. ಅವರು ಪೂರ್ತಿ ಕೇಳಿದರು. ಆಮೇಲೆ ಬಹಳ ಮರ್ಯಾದೆಯಿಂದ, ಹೊಸದಾಗಿ ಕೆಲಸಕ್ಕೆ ಸೇರಿದವನಿಗೆ ಹೇಳುವ ಹಾಗೆ ಹೇಳಿದರು:

"ತಪ್ಪು ತಿಳ್ಕೋಬೇಡಿ ಸಾರ್. ನಮ್ಮಲ್ಲೂ ಇನ್‌ಸ್ಪೆಕ್ಷನ್ ಬತ್ತದೆ. ಬಂದಾಗ ರಿಜೆಕ್ಟ್ ಪೀಸೆಲ್ಲ ಮಿಷನ್ ಇಂದೆ ಇಡ್ತೀವಿ. ನೀವು ಆರ್ಸಿ ಆರ್ಸಿ ಮುಂದಕ್ಕೆ ಇಡ್ತಿದೀರಲ್ಲ."

ಆ ದಿನ

ಹೇಗೋ ಒಪ್ಪಿಸಿದೆ. ಕೊನೆಯಲ್ಲಿ ಮಗಳು ಸರಿ ಉತ್ತರ ಹೇಳಿಯೇ ಕೂರಬೇಕು ಅನ್ನುವುದು ಅವರ ಷರತ್ತು.

ಪರಿವೀಕ್ಷಕರು ಸ್ಕೂಟರಿನಲ್ಲಿ ಬಂದರು. ಸಫಾರಿ, ಕಂಕುಳಲ್ಲಿ ಫೈಲು. ಹಿಂದಿನ ಬೆಂಚಿನಲ್ಲಿ ಕೂತರು. ಹೆಡ್‌ಮಾಸ್ಟರು ಬಾಗಿಲಲ್ಲಿ ನಿಂತರು. ನಾನು ಬೋರ್ಡಿನ ಮೇಲೆ ಅರ್ಧ, ಕೂಡಿಸುವ ಚಿಹ್ನೆ, ಮೂರನೇ ಒಂದು ಬರೆದು, ಸುಮ್ಮನೆ ಕಣ್ಣು ಅತ್ತ ಹೋದಂತೆ ನಟಿಸಿ ಎರಡನೇ ಬೆಂಚಿಗೆ ಬೆರಳು ತೋರಿಸಿದೆ.

ಅವಳು ಎದ್ದಳು. "ಆರನೇ ಐದು ಸಾರ್."

ನನ್ನ ಎದೆ ಧಡ್ ಅಂದಿತು. ಪ್ರೆಸ್ ಕೂಡ ಅಂದಿತು. ನಾನು ಕಣ್ಣಿನಲ್ಲೇ ಬೇಡಿಕೊಂಡು, ಹೇಗೆ ಮಾಡಿದೆ ಅಂತ ಕೇಳಿದೆ. ಆ ಮಾತಿಗಾದರೂ ಹೆದರಿ ಬದಲಾಯಿಸಲಿ ಅಂತ. ಅವಳು ಲಸಾಅ ಸಮೇತ ಒಪ್ಪಿಸಿದಳು. (ಆಮೇಲೆ ಯಾಕಮ್ಮ ಹಾಗೆ ಮಾಡಿದೆ ಅಂತ ಕೇಳಿದ್ದಕ್ಕೆ, ಸಾಹೇಬ್ರನ್ನ ನೋಡಿ ಭಯ ಆಯ್ತು ಸಾರ್, ಸರಿ ಉತ್ತರ ಬಂದ್ಬಿಡ್ತು ಅಂದಳು.)

ಬೇರೆ ಯಾರಾದರೂ ಬೇರೆ ಥರ ಯೋಚಿಸಿದ್ದೀರಾ ಅಂದೆ. ಒಬ್ಬನನ್ನು ಎಬ್ಬಿಸಿದೆ, ಆರನೇ ಐದು. ಇನ್ನೊಬ್ಬಳು, ಆರನೇ ಐದು. ಹಿಂದಿನ ಬೆಂಚಿನ ಮುದ್ದೆಯವನು ಇಡೀ ವರ್ಷ ಒಂದು ಉತ್ತರವನ್ನೂ ಸರಿ ಹೇಳಿದವನಲ್ಲ. ಅವನ ಮೇಲೆ ನನ್ನ ಕೊನೆಯ ಆಸೆ. ಆರನೇ ಐದು. ನಾಲ್ಕು ದಿನ ಒಂದೇ ತಪ್ಪನ್ನು ತಿರುಗಿಸಿ ಮುರುಗಿಸಿ ಅಭ್ಯಾಸ ಮಾಡಿಸಿದ್ದರಲ್ಲಿ ಐವತ್ತೆರಡು ಮಕ್ಕಳಿಗೂ ಅದು ಪೂರ್ತಿ ಅರ್ಥವಾಗಿಬಿಟ್ಟಿತ್ತು. "ಚೆನ್ನಾಗಿ ಯೋಚನೆ ಮಾಡಿ, ಯಾರಿಗೂ ಬೇರೆ ಬರ್ತಾ ಇಲ್ವಾ?" ಅಂತ ನಾನು ಅಂಗಲಾಚುತ್ತಿದ್ದೆ. ಪರಿವೀಕ್ಷಕರು ಫೈಲು ತೆಗೆದು ಏನೋ ಬರೆದುಕೊಂಡರು. ಮಕ್ಕಳು ಸರಿ ಹೇಳಿದಷ್ಟೂ ಬೆವರುವ ಮೇಷ್ಟ್ರನ್ನು ಅವರು ನೋಡಿರಲಿಕ್ಕಿಲ್ಲ. ನನಗೆ ದಾವಣಗೆರೆ ಬಸ್ಸು ಕಣ್ಣಮುಂದೆ ಬಂತು, ಕಾಯಂ ಆಗಲಿ ನೋಡೋಣ ಅಂದಿದ್ದ ಆ ಹುಡುಗಿಯ ತಂದೆಯ ಮುಖವೂ.

ಅವರು ಎದ್ದು ಮುಂದೆ ಬಂದರು. ನಾನೇ ಒಂದು ಕೇಳುತ್ತೇನೆ ಅಂದರು. ಪೀಣ್ಯದಿಂದ ಒಂದು ಲಾರಿ ಗಂಟೆಗೆ ನಲವತ್ತು ಕಿಲೋಮೀಟರ್ ವೇಗದಲ್ಲಿ ತುಮಕೂರಿಗೆ ಹೋಯಿತು, ಗಂಟೆಗೆ ಅರವತ್ತರ ವೇಗದಲ್ಲಿ ಅದೇ ದಾರಿಯಲ್ಲಿ ವಾಪಸ್ ಬಂತು. ಒಟ್ಟು ಪ್ರಯಾಣದ ಸರಾಸರಿ ವೇಗ ಎಷ್ಟು?

ಮಕ್ಕಳು ಪೆನ್ಸಿಲು ಎತ್ತಿಕೊಂಡರು. ಪರಿವೀಕ್ಷಕರಿಗೆ ಇನ್ನೊಂದು ಶಾಲೆಗೆ ಹೋಗಬೇಕಿತ್ತು. ಪ್ರೆಸ್ ಐದು ಸಲ ಹೊಡೆಯುವಷ್ಟೂ ಕಾಯಲಿಲ್ಲ. "ಇಷ್ಟು ಸುಲಭದ್ದು ಬರಲ್ವಾ? ಐವತ್ತು" ಅಂತ ಹೇಳಿ ಬೋರ್ಡಿನ ಮೇಲೆ ದೊಡ್ಡದಾಗಿ ಐವತ್ತು ಅಂತ ಬರೆದರು. ನಾನೂ ಮನಸ್ಸಿನಲ್ಲಿ ಐವತ್ತು ಅಂದುಕೊಂಡಿದ್ದೆ. ಇದನ್ನು ಇದುವರೆಗೆ ಯಾರಿಗೂ ಹೇಳಿಲ್ಲ.

ಎರಡನೇ ಬೆಂಚಿನ ಹುಡುಗಿ ಎದ್ದು ನಿಂತಳು. ತಲೆ ಒಂದು ಕಡೆ ವಾಲಿಸಿದಳು.

"ಸಾರ್, ಹೇಗೆ ಮಾಡಿದ್ರಿ?"

ಇಡೀ ಕ್ಲಾಸು ತಲೆ ಎತ್ತಿ ಬೋರ್ಡಿನ ಐವತ್ತನ್ನು ನೋಡಿತು. ಹೆಡ್‌ಮಾಸ್ಟರಿಗೂ ಆ ಮಾತಿನ ಅರ್ಥ ಗೊತ್ತಿತ್ತು. ಅವರು ಬಾಗಿಲ ಚೌಕಟ್ಟು ಹಿಡಿದುಕೊಂಡರು. ಪರಿವೀಕ್ಷಕರಿಗೆ ಮಾತ್ರ ಗೊತ್ತಿರಲಿಲ್ಲ. ಅವರಿಗೆ ಬಹಳ ಸಂತೋಷವಾಯಿತು. ಶಭಾಷ್, ಹೀಗೆ ಕೇಳಬೇಕು ಅಂದರು. ಎರಡನ್ನೂ ಕೂಡಿಸಿ ಎರಡರಿಂದ ಭಾಗಿಸಿದೆ ಅಂತ ಹೇಳಿಕೊಟ್ಟರು.

"ಹೋಗೋಕೆ ಎಷ್ಟು ಗಂಟೆ ಆಯ್ತು ಸಾರ್?" ಅಂದಳು. "ತುಮಕೂರು ನೂರಿಪ್ಪತ್ತು ಕಿಲೋಮೀಟರ್ ಅಂತ ಇಟ್ಕೊಳ್ಳೋಣ."

ಅಷ್ಟು ದೂರ ಇಲ್ಲಮ್ಮ ಅಂದರು ಅವರು.

"ಲೆಕ್ಕ ಸುಲಭ ಆಗ್ಲಿ ಅಂತ ಸಾರ್. ಹೋಗೋದು ಒಂದು ಟ್ರೇ. ಅದರಲ್ಲಿ ಮೂರು ಗಂಟೆ, ನೂರಿಪ್ಪತ್ತು ಕಿಲೋಮೀಟರ್. ಬರೋದು ಇನ್ನೊಂದು ಟ್ರೇ. ಎರಡು ಗಂಟೆ, ನೂರಿಪ್ಪತ್ತು. ಎರಡೂ ಸೇರಿ ಐದು ಗಂಟೆಗೆ ಇನ್ನೂರ ನಲವತ್ತು." ಬಾಯಲ್ಲೇ ಭಾಗಿಸಿ, "ನಲವತ್ತೆಂಟು ಬರುತ್ತೆ ಸಾರ್" ಅಂದಳು.

ಆ ಹೊತ್ತಿಗೆ ಸರಿಯಾಗಿ ಕರೆಂಟು ಹೋಯಿತು. ಪ್ರೆಸ್ ನಿಂತಿತು. ಅರೆಗತ್ತಲಲ್ಲಿ ಪರಿವೀಕ್ಷಕರು ಬೋರ್ಡಿನ ಮುಂದೆ ನಿಂತು ತುಟಿ ಅಲುಗಿಸುತ್ತ ಲೆಕ್ಕ ಹಾಕುತ್ತಿದ್ದರು. ಆಮೇಲೆ ಕರ್ಚೀಪು ತೆಗೆದು ತಮ್ಮ ಐವತ್ತನ್ನು ತಾವೇ ಒರೆಸಿದರು. ನನ್ನ ಕಡೆ ತಿರುಗಿದರು.

"ಈ ಟ್ರೇ ಪದ್ಧತಿ ನೀವು ಹೇಳಿಕೊಟ್ಟಿದ್ದಾ ಮೇಷ್ಟ್ರೇ?"

ಕಾಯಂ, ಮದುವೆ, ಅಮ್ಮ, ಎಲ್ಲ ಆ ಒಂದು ಹೂಂ ಮೇಲೆ ನಿಂತಿತ್ತು. ಆದರೆ ಅವಳು ನನ್ನನ್ನೇ ನೋಡುತ್ತಿದ್ದಳು, ಬೋಲ್ಟು ಅಳೆಯುವ ಹಾಗೆ.

"ಇಲ್ಲ ಸಾರ್" ಅಂದೆ. "ಇದನ್ನ ಕ್ಲಾಸಿಗೆ ತರಬೇಡ ಅಂತ ಹೇಳಿಕೊಟ್ಟಿದ್ದೆ."

ಅವರು ಆಫೀಸು ರೂಮಿಗೆ ಹೋಗಿ ಸಂದರ್ಶಕರ ಪುಸ್ತಕದಲ್ಲಿ ಬರೆದರು. ಅವರು ಎದ್ದ ಮೇಲೆ ಹೆಡ್‌ಮಾಸ್ಟರೂ ನಾನೂ ಬಗ್ಗಿ ಓದಿದೆವು: "ವಿದ್ಯಾರ್ಥಿಗಳು ಸ್ವತಂತ್ರವಾಗಿ ಯೋಚಿಸುತ್ತಾರೆ. ಶಿಕ್ಷಕರು ತಡೆಯಲು ಪ್ರಯತ್ನಿಸಿ ವಿಫಲರಾಗಿದ್ದಾರೆ. ಕಾಯಂ ಮಾಡಬಹುದು."

ಸ್ಕೂಟರಿನವರೆಗೂ ಬಿಡಲು ಹೋದೆವು. ಅವರು ಕಿಕ್ ಹೊಡೆಯುವ ಮುಂಚೆ ಹೆಡ್‌ಮಾಸ್ಟರನ್ನು ಹತ್ತಿರ ಕರೆದರು.

"ಆ ಐವತ್ತು ನಾನು ಬೇಕಂತಲೇ ತಪ್ಪು ಹೇಳಿದ್ದು. ಮಕ್ಕಳು ಏನ್ ಮಾಡ್ತಾರೆ ನೋಡೋಣ ಅಂತ. ಗೊತ್ತಾಯ್ತಲ್ಲ?"

"ಗೊತ್ತಾಯ್ತು ಸಾರ್" ಅಂದರು ಹೆಡ್‌ಮಾಸ್ಟರು. "ನಾವೂ ಒಂದು ತಪ್ಪು ಏರ್ಪಾಟು ಮಾಡಿದ್ವಿ. ನಮ್ದು ಕೈ ಕೊಡ್ತು. ನೀವೇ ನಿಂತು ನಡೆಸಿಕೊಟ್ರಿ."

ಇಲ್ಲಿಗೆ ಮುಗಿಸಬಹುದಿತ್ತು. ಆದರೆ ಓದುವವರಿಗೆ ಒಂದು ಅನುಮಾನ ಉಳಿದಿರುತ್ತದೆ: ಅರ್ಧ ಮತ್ತು ಮೂರನೇ ಒಂದಕ್ಕೆ ತಪ್ಪಾದ ಟ್ರೇ, ತುಮಕೂರಿನ ಲಾರಿಗೆ ಹೇಗೆ ಸರಿಯಾಯಿತು? ನನಗೂ ಇದು ಹೊಳೆಯಲು ಮದುವೆಯಾಗಿ ಆರು ತಿಂಗಳು ಬೇಕಾಯಿತು. ವಿಷಯ ಇಷ್ಟೇ. ರೊಟ್ಟಿಯಲ್ಲಿ ಅರ್ಧ ಅಂದರೂ ಮೂರನೇ ಒಂದು ಅಂದರೂ ಅದು ಒಂದೇ ಅಳತೆಯ ರೊಟ್ಟಿಯದು. ಟ್ರೇಯಲ್ಲಿ ಹಾಗಲ್ಲ, ಎರಡು ಬೋಲ್ಟಿನ ಅರ್ಧ ಬೇರೆ, ಮೂರು ಬೋಲ್ಟಿನ ಮೂರನೇ ಒಂದು ಬೇರೆ. ಲಾರಿಗೆ ಬೋಲ್ಟು ಅಂದರೆ ಗಂಟೆ. ಅಂದರೆ ನಾವು ಮೊದಲು ಕೇಳಬೇಕಾದ್ದು ಎಷ್ಟು ಅಂತ ಅಲ್ಲ, ಯಾವುದರಲ್ಲಿ ಎಷ್ಟು ಅಂತ. ಇದನ್ನು ಒಂದು ಚಿತ್ರ ಬರೆದು ತೋರಿಸಿದರೆ ಸುಲಭ. ಎಡಗಡೆ ಒಂದು ರೊಟ್ಟಿ, ಬಲಗಡೆ ಎರಡು ಟ್ರೇ, ಈಗ ರೊಟ್ಟಿಯನ್ನು ಆರು ಭಾಗ

ಸ್ಟಾಫ್ ರೂಮಿನ ಬಾಗಿಲಲ್ಲಿ ಎರಡನೇ ಬೆಂಚಿನ ಆ ಹುಡುಗಿಯೇ ಬಂದು ನಿಂತಿದ್ದಾಳೆ. ಈಗ ಹತ್ತನೇ ತರಗತಿ. ಗಂಟೆ ಹೊಡೆದು ಹತ್ತು ನಿಮಿಷ ಆಯ್ತಂತೆ, ನಿನ್ನೆ ಕೊಟ್ಟ ಲೆಕ್ಕಕ್ಕೆ ನಾಲ್ಕು ಉತ್ತರ ಬಂದಿದೆಯಂತೆ, ಎಲ್ಲರೂ ಎಲ್ಲರನ್ನೂ ಹೇಗೆ ಮಾಡಿದೆ ಹೇಗೆ ಮಾಡಿದೆ ಅಂತ ಕೇಳಿ ಹೊಡೆದಾಟಕ್ಕೆ ಬಂದಿದ್ದಾರಂತೆ.

ಸರಿ ಉತ್ತರ ಯಾರದಮ್ಮ ಅಂತ ಕೇಳಿದೆ.

"ನಿಮ್ಮದಂತೂ ಅಲ್ಲ ಸಾರ್, ಬೇಗ ಬನ್ನಿ" ಅನ್ನುತ್ತಿದ್ದಾಳೆ.